ಐದನೇ ಮಹಡಿಯ ಅನ್ನದಾತರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಅಧ್ಯಕ್ಷರೇ,

ತಾವು ಕ್ಷೇಮವಾಗಿದ್ದೀರಿ ಎಂಬ ವರ್ತಮಾನ ನಾಲ್ಕನೇ ಮಹಡಿಯಲ್ಲಿರುವ ನನಗೆ ದಿನವೂ ಬೆಳಿಗ್ಗೆ ಆರೂವರೆಗೆ ತಲುಪುತ್ತದೆ. ಮೊದಲು ತಮ್ಮ ಬಾಲ್ಕನಿಯ ತಗಡಿನ ಮೇಲೆ ಜೋಳ ಸುರಿದ ಸದ್ದು. ಅದರ ಬೆನ್ನಿಗೇ ಪಟಪಟ ರೆಕ್ಕೆಯ ಸದ್ದು. ಇನ್ನೊಂದು ಗಳಿಗೆಗೆ ನಾವು ಒಣಹಾಕಿದ ಬಟ್ಟೆಗಳ ಮೇಲೆ ಪ್ರಸಾದ ವಿನಿಯೋಗ. ಈ ಕ್ರಮ ತಪ್ಪಿದ ದಿನ ತಮಗೆ ಜ್ವರ ಬಂತೋ, ಊರಿಗೆ ಹೋದಿರೋ ಎಂದು ನಮ್ಮ ಮನೆಯಲ್ಲಿ ಆತಂಕವಾಗುತ್ತದೆ. ಅಷ್ಟರ ಮಟ್ಟಿಗೆ ನಾವೆಲ್ಲ ತಮ್ಮ ಪುಣ್ಯಕಾರ್ಯದ ಪಾಲುದಾರರು.

ಇದನ್ನು ಬಹಿರಂಗವಾಗಿ ಬರೆಯುತ್ತಿರುವುದಕ್ಕೆ ಕ್ಷಮೆಯಿರಲಿ. ಖಾಸಗಿಯಾಗಿ ಬರೆದ ಕಾಗದಗಳು ನಮ್ಮ ಅಪಾರ್ಟ್‌ಮೆಂಟ್ ಸಂಘದ ಸಲಹಾ ಪೆಟ್ಟಿಗೆಯಲ್ಲಿ ಭದ್ರವಾಗಿವೆ. ಪೆಟ್ಟಿಗೆಯ ಬೀಗದ ಕೈ ಕಳೆದುಹೋಗಿದೆ ಎಂದು ವಾಚ್‌ಮನ್ ಹೇಳುತ್ತಾನೆ. ಇನ್ನೊಂದು ಕಾರಣವೂ ಉಂಟು. ತಮ್ಮಂಥ ಅಧ್ಯಕ್ಷರು ಬೆಂಗಳೂರಿನ ಒಂದೊಂದು ಬಡಾವಣೆಗೂ ಒಬ್ಬೊಬ್ಬರಿದ್ದಾರೆ. ಎಲ್ಲರ ಮನೆಗೂ ಬೇರೆಬೇರೆ ಪತ್ರ ಬರೆಯುವಷ್ಟು ಕಾಗದ ನನ್ನಲ್ಲಿಲ್ಲ.

ತಾವು ಪಕ್ಷಿಪ್ರೇಮಿಗಳು ಎಂಬುದರಲ್ಲಿ ನನಗೆ ಎಳ್ಳಷ್ಟೂ ಸಂಶಯವಿಲ್ಲ. ಪ್ರೀತಿಯನ್ನು ಮೂಟೆಯ ಲೆಕ್ಕದಲ್ಲಿ ಅಳೆಯುವುದಾದರೆ ತಮ್ಮ ಸಮಕ್ಕೆ ನಿಲ್ಲುವವರು ಈ ರಸ್ತೆಯಲ್ಲಿ ಯಾರೂ ಇಲ್ಲ. ಆದರೆ ಸಂತರ್ಪಣೆ ನಡೆಸಿದವರು ಪಂಕ್ತಿಯಲ್ಲಿ ಕೂತವರು ಯಾರೆಂದು ಒಮ್ಮೆಯಾದರೂ ನೋಡಬೇಕಲ್ಲವೇ? ತಮಗೆ ಬಿಡುವಿಲ್ಲವೆಂದು ನಾನೇ ನೋಡಿದ್ದೇನೆ. ಬಂದವರು: ಪಾರಿವಾಳ, ಪಾರಿವಾಳ, ಮತ್ತೂ ಪಾರಿವಾಳ. ಕೊನೆಯಲ್ಲಿ ಉಳಿದದ್ದನ್ನು ಆರಿಸಲು ಒಂದು ಅಳಿಲು. ಪಿಕಳಾರ ಬಂದಿಲ್ಲ, ಸೂರಕ್ಕಿ ಬಂದಿಲ್ಲ, ಮಡಿವಾಳ ಹಕ್ಕಿ ಬಂದಿಲ್ಲ, ಕಂಚುಗಾರ ಹಕ್ಕಿಯಂತೂ ಆ ಕಡೆ ತಿರುಗಿಯೂ ನೋಡಿಲ್ಲ. ಗುಬ್ಬಿ ಬಂದಿದ್ದರೂ ಆ ಜನಜಂಗುಳಿಯಲ್ಲಿ ಅದಕ್ಕೆ ಎಲೆ ಸಿಗುತ್ತಿರಲಿಲ್ಲ.

ಪಾರಿವಾಳದ ಮೇಲೆ ನನಗೆ ಹಗೆಯಿಲ್ಲ. ಅದರ ಪೂರ್ವಿಕರು ಬೆಟ್ಟದ ಬಂಡೆಗಳ ಸಂದಿಯಲ್ಲಿ ಬದುಕುತ್ತಿದ್ದ ಮರ್ಯಾದಸ್ಥ ಕಾಡುಹಕ್ಕಿಗಳು. ಮನುಷ್ಯ ಹಿಡಿದು ಸಾಕಿದ, ಸಾಕಿದವುಗಳಲ್ಲಿ ಕೆಲವು ಕೈತಪ್ಪಿ ಊರಿನಲ್ಲೇ ಉಳಿದವು. ನಮ್ಮ ಕಟ್ಟಡ ಅವುಗಳ ಕಣ್ಣಿಗೆ ಕಿಟಕಿಗಳಿರುವ ಬಂಡೆ, ಏಸಿ ಯಂತ್ರದ ಹಿಂಬದಿ ಒಳ್ಳೆಯ ಸಂದಿ. ಮನೆ ನಾವು ಕೊಟ್ಟೆವು, ಊಟ ತಾವು ಕೊಟ್ಟಿರಿ. ಇನ್ನು ಸಂಸಾರ ಬೆಳೆಯಲು ಬೇಕಾದದ್ದೇನು? ಇಲ್ಲೊಂದು ಸೂಕ್ಷ್ಮವಿದೆ. ಪಾರಿವಾಳದ ಗಂಡೂ ಹೆಣ್ಣೂ ತಮ್ಮ ಗಂಟಲ ಚೀಲದಲ್ಲಿ ಮೊಸರಿನಂಥ ಒಂದು ಪದಾರ್ಥವನ್ನು ಒಸರಿಸಿ ಮರಿಗಳಿಗೆ ಉಣಿಸುತ್ತವೆ. ತಂದೆತಾಯಿ ಜೋಳ ತಿಂದರೆ ಸಾಕು, ಮರಿ ಬೆಳೆಯುತ್ತದೆ. ಉಳಿದ ಹೆಚ್ಚಿನ ಹಕ್ಕಿಗಳಿಗೆ ಈ ಅನುಕೂಲವಿಲ್ಲ. ಕಾಳು ತಿಂದು ಬದುಕುವ ಗುಬ್ಬಿ ಕೂಡ ಮರಿಗೆ ಹುಳುವನ್ನೇ ಹುಡುಕಿ ತರಬೇಕು. ಹಾಗಾಗಿ ಊರಿನ ಮೇಲೆ ಎಷ್ಟು ಮೂಟೆ ಕಾಳು ಸುರಿದರೂ ಅದು ಹೋಗಿ ಸೇರುವುದು ಒಂದೇ ಕುಲದ ಖಾತೆಗೆ.

ಈ ಮಾತಿಗೆ ಅಂಕಿ ಅಂಶದ ಆಧಾರವೂ ಇದೆ. ದೇಶದ 942 ಪ್ರಭೇದಗಳ ಹಕ್ಕಿಗಳನ್ನು ಪರಿಶೀಲಿಸಿದ 2023ರ ‘ಸ್ಟೇಟ್ ಆಫ್ ಇಂಡಿಯಾಸ್ ಬರ್ಡ್ಸ್’ ವರದಿಯಲ್ಲಿ, ದೀರ್ಘಾವಧಿಯ ಲೆಕ್ಕ ಸಿಕ್ಕಿದ್ದು 338 ಪ್ರಭೇದಗಳಿಗೆ. ಅವುಗಳಲ್ಲಿ ಶೇ. 60ರಷ್ಟು ಇಳಿಮುಖ. ಏರುಮುಖವಾಗಿರುವ ಕೆಲವೇ ಭಾಗ್ಯಶಾಲಿಗಳಲ್ಲಿ ಪಾರಿವಾಳವೂ ಒಂದು. ದೇಶದ ಹಕ್ಕಿಗಳೆಲ್ಲ ಬಡವಾಗುತ್ತಿರುವಾಗ ಕೋಟ್ಯಧಿಪತಿಯೊಬ್ಬನನ್ನು ಹುಡುಕಿ ಅವನಿಗೇ ದಾನ ಮಾಡಿದ ತಮ್ಮ ಆಯ್ಕೆಯನ್ನು ಮೆಚ್ಚಲೇಬೇಕು.

ಈ ದಾನದ ಫಲ ನಮ್ಮ ಉಸಿರಿಗೂ ತಟ್ಟುತ್ತದೆ. ಪಾರಿವಾಳದ ಒಣಗಿದ ಹಿಕ್ಕೆಯ ಪುಡಿ, ಪುಕ್ಕದ ದೂಳು ಉಸಿರಿನೊಳಗೆ ಸೇರುತ್ತಲೇ ಇದ್ದರೆ ಕೆಲವರಿಗೆ ಶ್ವಾಸಕೋಶವೇ ಉರಿಯೂತಕ್ಕೆ ಸಿಕ್ಕಿ ಗಡುಸಾಗುತ್ತದೆ. ಇದು ವೈದ್ಯರಿಗೆಲ್ಲ ಗೊತ್ತಿರುವ ಕಾಯಿಲೆ. ಮುಂಬೈನಲ್ಲಿ ಈ ಕಾರಣಕ್ಕೇ 2025ರಲ್ಲಿ ಪಾರಿವಾಳಗಳಿಗೆ ಕಾಳು ಹಾಕುವ ಕಬೂತರ್‌ಖಾನಾಗಳನ್ನು ಮುಚ್ಚಿಸಲು ಸರ್ಕಾರ ಪಾಲಿಕೆಗೆ ಸೂಚಿಸಿತು. ವಿಷಯ ಹೈಕೋರ್ಟಿನ ಮೆಟ್ಟಿಲೇರಿತು, ದಾದರಿನ ಕಬೂತರ್‌ಖಾನಾಕ್ಕೆ ಹೊದಿಸಿದ್ದ ತಾಡಪಾಲನ್ನು ಪ್ರತಿಭಟನೆಗೆ ಬಂದವರು ಕಿತ್ತುಹಾಕಿದರು. ನಮ್ಮಲ್ಲಿ ಅಂಥ ಗಲಾಟೆಗೆ ಅವಕಾಶವಿಲ್ಲ. ಏಕೆಂದರೆ ಮೇಲೆ ಕಾಳು ಎರಚುವವರೂ ತಾವೇ, ಪ್ರತಿ ಬಾಲ್ಕನಿಗೂ ಪಾರಿವಾಳದ ಬಲೆ ಹಾಕಿಸಲು ಕೊಟೇಶನ್ ಕರೆದವರೂ ತಾವೇ. ಆಹ್ವಾನ ಪತ್ರಿಕೆ, ಬಾಗಿಲ ಬೀಗ ಎರಡನ್ನೂ ಒಂದೇ ಕೈಯಿಂದ ಕೊಡುವ ಆತಿಥ್ಯ ಪುರಾಣಗಳಲ್ಲೂ ಸಿಗದು.

ಬಾರದ ಅತಿಥಿಗಳ ವಿಷಯಕ್ಕೆ ಬರುತ್ತೇನೆ. ಅವರು ಬಾರದಿರಲು ಕಾರಣ ಮುನಿಸಲ್ಲ, ಅವರ ಊಟವೇ ಬೇರೆ. ಆ ಊಟ ನಮ್ಮ ಗೇಟಿನ ಪಕ್ಕದಲ್ಲೇ ಇತ್ತು. ಗಸಗಸೆ ಹಣ್ಣಿನ ಮರ ನೆನಪಿದೆಯೇ? ಯಾರೂ ನೆಟ್ಟದ್ದಲ್ಲ, ಯಾವುದೋ ಹಕ್ಕಿಯೋ ಬಾವಲಿಯೋ ಬಿತ್ತಿದ್ದು. ಮೂಲತಃ ಅಮೆರಿಕ ಖಂಡದ ಉಷ್ಣವಲಯದಿಂದ ಬಂದ ಮರ, ನಮ್ಮ ಹಕ್ಕಿಗಳು ಅದರ ಪಾಸ್‌ಪೋರ್ಟ್ ಕೇಳಿರಲಿಲ್ಲ. ವರ್ಷದ ಹೆಚ್ಚಿನ ದಿನಗಳಲ್ಲಿ ಅದರಲ್ಲಿ ಗೋಲಿಯಷ್ಟು ಕೆಂಪು ಹಣ್ಣು. ಬೆಳಿಗ್ಗೆ ಬಿಳಿಗಣ್ಣಗಳ ತಂಡ ಚೀಪಿಚೀಪಿ ಹೋಗುತ್ತಿತ್ತು. ಹೆಬ್ಬೆರಳಿನಷ್ಟೇ ಇರುವ ಬದನಿಕೆ ಹಕ್ಕಿ ಹಣ್ಣಿಗೆ ಜೋತುಬಿದ್ದು ರಸ ಹಿಂಡುತ್ತಿತ್ತು. ಮೈತುಂಬ ಚುಕ್ಕೆಯ ಹೆಣ್ಣು ಕೋಗಿಲೆ ಎಲೆಗಳ ಮರೆಯಲ್ಲಿ ಕೂತು ಸದ್ದಿಲ್ಲದೆ ನುಂಗುತ್ತಿತ್ತು. ಸಂಜೆಯ ಪಾಳಿ ಬಾವಲಿಗಳದ್ದು. ಖರ್ಚು ಸೊನ್ನೆ, ಕೆಲಸದವರು ಬೇಕಿಲ್ಲ, ಪಾತ್ರೆ ತೊಳೆಯುವ ತಾಪತ್ರಯವಿಲ್ಲ.

ಆದರೆ ಹಣ್ಣು ಬಿದ್ದು ಕಾರಿನ ಬಾನೆಟ್ಟಿನ ಮೇಲೆ ಕಲೆಯಾಗುತ್ತದೆ ಎಂದು ಸರ್ವಸದಸ್ಯರ ಸಭೆಯಲ್ಲಿ ದೂರು ಬಂತು. ತಾವು ಎದ್ದು ನಿಂತು ಪರಿಸರದ ಬಗ್ಗೆ ಹತ್ತು ನಿಮಿಷ ಮಾತಾಡಿದಿರಿ, ಆಮೇಲೆ ಮರ ಕಡಿಸಿದಿರಿ. ಆ ಜಾಗದಲ್ಲಿ ಈಗ ಅಲಂಕಾರದ ತಾಳೆ ಗಿಡಗಳು ನಿಂತಿವೆ. ಎಲೆ ಉದುರಿಸುವುದಿಲ್ಲ, ಹಣ್ಣು ಬೀಳಿಸುವುದಿಲ್ಲ, ಹಕ್ಕಿ ಕರೆಯುವುದಿಲ್ಲ. ಸಭೆಗೆ ಬಂದು ಬಾಯಿ ಬಿಡದೆ ಎದ್ದುಹೋಗುವ ಸದಸ್ಯರ ಹಾಗೆ ಶಿಸ್ತಿನ ಗಿಡಗಳು.

ಮರ ಹೋಯಿತು, ಹುಳುವಾದರೂ ಉಳಿಯಬಹುದು ಎಂದು ಹಕ್ಕಿಗಳು ಆಸೆಪಟ್ಟವು. ತಿಂಗಳಿಗೊಮ್ಮೆ ಔಷಧಿ ಹೊಡೆಯುವ ಗುತ್ತಿಗೆಗೆ ತಾವು ಸಹಿ ಹಾಕಿದಿರಿ. ಹಿಂದಿನ ಅಂಗಳದ ಕರಿಬೇವು, ನಿಂಬೆ ಗಿಡಗಳ ಎಲೆಯ ಮೇಲೆ ಕಪ್ಪು ಬಿಳಿ ಮಿಶ್ರದ, ಥೇಟ್ ಹಕ್ಕಿ ಹಿಕ್ಕೆಯಂಥ ಒಂದು ಹುಳು ಕೂತಿರುತ್ತದೆ. ಅದು ಚಿಟ್ಟೆಯ ಮರಿಹುಳು. ಹಕ್ಕಿಯ ಕಣ್ಣಿಗೆ ತಿನಿಸಲ್ಲ, ಹೊಲಸು ಎಂದು ಕಾಣಲಿ ಎಂಬುದು ಅದರ ವೇಷ. ಹಕ್ಕಿಗಳು ಎಷ್ಟೋ ಸಲ ಮೋಸಹೋಗುತ್ತವೆ. ತಮ್ಮ ಔಷಧಿಯವನು ಮೋಸಹೋಗಲಿಲ್ಲ, ಹುಳು, ವೇಷ ಎರಡನ್ನೂ ತೊಳೆದುಹಾಕಿದ. ಇನ್ನು ಕರಿಬೇವಿನ ಕಪ್ಪು ಹಣ್ಣಿಗೆ ಬರುವ ಪಿಕಳಾರ ಮತ್ತು ಕೋಗಿಲೆಗಳೂ ಆ ಔಷಧಿಯ ರುಚಿ ನೋಡುತ್ತವೆ, ನಮ್ಮ ಒಗ್ಗರಣೆಯೂ ನೋಡುತ್ತದೆ.

ಇಷ್ಟೆಲ್ಲ ಆದ ಮೇಲೆ ಮಾರ್ಚ್ 20ರಂದು ತಾವು ವಿಶ್ವ ಗುಬ್ಬಚ್ಚಿ ದಿನ ಆಚರಿಸಿದಿರಿ. 2010ರಲ್ಲಿ ಶುರುವಾದ ಈ ದಿನಕ್ಕೆ ನಮ್ಮ ಸಂಘ ಕೊಟ್ಟ ಗೌರವಕ್ಕೆ ಪಾರವಿಲ್ಲ. ರಿಬ್ಬನ್ ಕಟ್ಟಿದ ಮರದ ಗೂಡುಗಳು, ಗುಬ್ಬಿ ವೇಷದ ಮಕ್ಕಳು, ಕೇಸರಿಬಾತು. ಗುಬ್ಬಿಗಳು ಏಕೆ ಹೋದವು ಎಂಬುದಕ್ಕೆ ತಾವು ಮೊಬೈಲ್ ಟವರಿನ ಕಡೆ ಬೆರಳು ತೋರಿಸಿದಿರಿ. ಅದಕ್ಕೆ ಗಟ್ಟಿ ಪುರಾವೆ ಸಿಕ್ಕಿಲ್ಲ, ಆದರೆ ಟವರ್ ನಮ್ಮ ಸಂಘದ ಸದಸ್ಯನಲ್ಲವಾದ್ದರಿಂದ ಬೈಯಲು ಅನುಕೂಲ. ‘ಸ್ಟೇಟ್ ಆಫ್ ಇಂಡಿಯಾಸ್ ಬರ್ಡ್ಸ್’ನ 2020ರ ವರದಿಯ ಪ್ರಕಾರ ದೇಶದ ಒಟ್ಟು ಲೆಕ್ಕದಲ್ಲಿ ಗುಬ್ಬಿ ಹೆಚ್ಚುಕಡಿಮೆ ಸ್ಥಿರವಾಗಿದೆ. ಇಳಿದಿರುವುದು ಬೆಂಗಳೂರೂ ಸೇರಿದಂತೆ ಆರು ಮಹಾನಗರಗಳಲ್ಲಿ. ಅಂದರೆ ಗುಬ್ಬಿ ಭೂಮಿ ಬಿಟ್ಟು ಹೋಗಿಲ್ಲ, ನಮ್ಮ ಸಹವಾಸ ಬಿಟ್ಟು ಹೋಗಿದೆ. ಹಂಚಿನ ಸಂದಿ, ಗೋಡೆಯ ತೂತು ಇಲ್ಲದ ಕಡೆ ಮರದ ಗೂಡು ಕಟ್ಟಿಕೊಟ್ಟದ್ದು ಸರಿಯೇ. ಆದರೆ ಮನೆ ಕೊಟ್ಟು ಮರಿಯ ಊಟಕ್ಕೆ ವಿಷ ಹೊಡೆದರೆ ಬಾಡಿಗೆದಾರರು ಬರುವುದು ಹೇಗೆ? ಮಗುವನ್ನು ಚಿವುಟಿ ತೊಟ್ಟಿಲು ತೂಗುವುದು ಎನ್ನುತ್ತಾರಲ್ಲ, ಅದಕ್ಕೆ ನಮ್ಮ ಸಂಘದಲ್ಲಿ ಒಂದು ಉಪಸಮಿತಿಯೇ ಇದೆ.

ಸ್ವಚ್ಛತಾ ಉಪಸಮಿತಿಯ ನೋಟಿಸಿಗೂ ಇಲ್ಲೇ ಉತ್ತರ ಕೊಟ್ಟುಬಿಡುತ್ತೇನೆ. ನನ್ನ ಬಾಲ್ಕನಿಯ ಮೂಲೆಯಲ್ಲಿ ಜೇಡರ ಬಲೆ ಇದೆ, ಏಳು ದಿನದೊಳಗೆ ತೆಗೆಯತಕ್ಕದ್ದು ಎಂದು ಬಂದಿತ್ತು. ನಾನು ತೆಗೆಯಲಿಲ್ಲ, ಸೂರಕ್ಕಿ ತೆಗೆಯಿತು. ಹೆಣ್ಣು ಸೂರಕ್ಕಿ ಗಾಳಿಯಲ್ಲೇ ರೆಕ್ಕೆ ಬಡಿಯುತ್ತ ನಿಂತು ಕೊಕ್ಕಿನಿಂದ ಬಲೆಯ ಎಳೆ ಸುತ್ತಿಕೊಂಡು, ಬಟ್ಟೆ ಒಣಹಾಕುವ ತಂತಿಯ ಮೇಲಿನ ಹಳೆಯ ದಾರಕ್ಕೆ ಅಂಟಿಸಿತು. ಅದಕ್ಕೆ ನಾರು, ಒಣಹುಲ್ಲು, ಮೇಲಿನಿಂದ ತೊಗಟೆಯ ಚೂರು, ಕಂಬಳಿಹುಳುವಿನ ಹಿಕ್ಕೆ. ದೂರಕ್ಕೆ ಗೂಡಲ್ಲ, ಗಾಳಿಗೆ ಸಿಕ್ಕಿಕೊಂಡ ಕಸ ಎಂದೇ ಕಾಣಬೇಕು. ಪಕ್ಕದಲ್ಲಿ ಬಾಗಿಲು, ಬಾಗಿಲ ಮೇಲೆ ಮಳೆ ಒಳಬರದಂತೆ ಒಂದು ಪುಟ್ಟ ಸಜ್ಜಾ. ಗಂಡು ಹಸಿರು ನೆತ್ತಿ, ಹಳದಿ ಹೊಟ್ಟೆ ಮೆರೆಸುತ್ತ ಮೇಸ್ತ್ರಿಯ ಹಾಗೆ ಬಂದು ಬಂದು ನೋಡಿಹೋಗುತ್ತಿತ್ತು, ಒಂದು ಎಳೆಯನ್ನೂ ತರಲಿಲ್ಲ. ಮರಿಗಳು ಹೊರಬಂದ ಮೇಲೆ ಮಾತ್ರ ಅದಕ್ಕೂ ಬುದ್ಧಿ ಬಂತು. ಇಬ್ಬರೂ ಸೇರಿ ಸಣ್ಣ ಜೇಡ, ಹುಳು ತಂದು ತುರುಕಿದ್ದೇ ತುರುಕಿದ್ದು. ದಾಸವಾಳದ ಬುಡಕ್ಕೆ ತೂತು ಹೊಡೆದು ಮಕರಂದ ಹೀರುವ ಹಕ್ಕಿಗೂ ಮರಿ ಸಾಕಲು ಜೇಡವೇ ಬೇಕು, ಮನೆ ಕಟ್ಟಲು ಜೇಡನ ಬಲೆಯೇ ಸಿಮೆಂಟು. ಆದ್ದರಿಂದ ನೋಟಿಸಿನಲ್ಲಿ ಹೇಳಿದ ಕಸವು ಸದ್ಯ ವಾಸದ ಮನೆಯಾಗಿ ಪರಿವರ್ತನೆಯಾಗಿದೆ. ಖಾತೆ ಮಾಡಿಸಿಕೊಡುವುದು ಸಂಘಕ್ಕೆ ಬಿಟ್ಟದ್ದು.

ಕಾಗೆಯ ವಿಷಯದಲ್ಲಿ ತಮ್ಮ ನಿಲುವು ಪಂಚಾಂಗದ ಪ್ರಕಾರ ಬದಲಾಗುತ್ತದೆ. ವರ್ಷವೆಲ್ಲ ಅದು ದರಿದ್ರ, ಕಂಡರೆ ಕೋಲು. ಪಿತೃಪಕ್ಷ ಬಂತೋ, ತಾರಸಿಯ ಮೇಲೆ ಬಾಳೆಲೆಯಲ್ಲಿ ಪಿಂಡ ಇಟ್ಟು ತಾವು ‘ಕಾ ಕಾ’ ಎಂದು ಕೂಗುವುದು ನಾಲ್ಕನೇ ಮಹಡಿಗೆ ಕೇಳಿಸುತ್ತದೆ. ಕಾಗೆ ಬಾರದಿದ್ದರೆ ಹಿರಿಯರಿಗೆ ಯಾವುದೋ ಆಸೆ ಉಳಿದಿದೆ ಎಂದು ಮನೆಮಂದಿಯೆಲ್ಲ ಯೋಚಿಸುತ್ತೀರಿ. ಕಾನೂನು ಕೂಡ ಬಹುಕಾಲ ತಮ್ಮ ಕಡೆಗೇ ಇತ್ತು: 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಕಾಗೆಯನ್ನು ಇಲಿಯ ಜೊತೆ ಉಪದ್ರವಿ ಜೀವಿಗಳ ಪಟ್ಟಿಗೆ ಸೇರಿಸಿದ್ದರು. 2022ರ ತಿದ್ದುಪಡಿಯಲ್ಲಿ ಆ ಪಟ್ಟಿಯೇ ಹೋಯಿತು. ಯುಗಾದಿಗೆ ಕೋಗಿಲೆ ಕೂಗಿದರೆ ರೆಕಾರ್ಡ್ ಮಾಡಿ ಹಂಚುವ ತಾವು ಒಂದು ಸಂಗತಿ ಗಮನಿಸಬೇಕು. ಆ ಕೋಗಿಲೆ ತಾನಾಗಿ ಗೂಡು ಕಟ್ಟುವುದೇ ಇಲ್ಲ, ಮೊಟ್ಟೆ ಇಡುವುದು ಕಾಗೆಯ ಗೂಡಿನಲ್ಲಿ. ಕಾಗೆಯ ಗೂಡು ಕೆಡವಿದವರ ಅಂಗಳದಲ್ಲಿ ವಸಂತ ಹಾಡುವುದಿಲ್ಲ. ಇನ್ನು ಎರಡನೇ ಮಹಡಿಯಲ್ಲಿ ಪಂಜರದ ಗಿಳಿಗೆ ಮೆಣಸಿನಕಾಯಿ ತಿನ್ನಿಸುತ್ತ ತಮ್ಮನ್ನೇ ಹಾಡಿಹೊಗಳುವ ಪಕ್ಷಿಪ್ರೇಮಿಗಳಿಗೆ, ನಮ್ಮ ನಾಡಿನ ಗಿಳಿಯನ್ನು ಮನೆಯಲ್ಲಿ ಸಾಕುವುದು ಅದೇ ಕಾಯ್ದೆಯಡಿ ಅಪರಾಧವೆಂದು ತಾವೇ ತಿಳಿಸಿದರೆ ಚೆನ್ನ. ನಾನು ಹೇಳಿದರೆ ಅಸೂಯೆ ಎನ್ನುತ್ತಾರೆ.

‘ಹಕ್ಕಿಗೆ ಕಾಳು ಹಾಕುವುದು ಹಿರಿಯರಿಂದ ಬಂದ ಪದ್ಧತಿ, ಅದನ್ನೂ ಬಿಡಬೇಕೇ?’ ಎಂದು ತಾವು ಕೇಳುತ್ತೀರಿ. ಪದ್ಧತಿ ಹೌದು. ಹಿರಿಯರು ಭತ್ತದ ತೆನೆ ಹೆಣೆದು ಸೂರಿಗೆ ಕಟ್ಟುತ್ತಿದ್ದರು. ಅಂಗಳದಲ್ಲಿ ಮೊರ ಹಿಡಿದು ಅಕ್ಕಿ ಕೇರಿದರೆ ನುಚ್ಚು, ತೌಡು ನೆಲಕ್ಕೆ ಬೀಳುತ್ತಿತ್ತು, ಗುಬ್ಬಿಗಳು ಕಾಲ ಸಂದಿಯಲ್ಲೇ ಆರಿಸುತ್ತಿದ್ದವು. ಆದರೆ ಆ ಮನೆಯ ಹಿಂದೆ ಒಂದು ಹಿತ್ತಿಲಿತ್ತು. ಅಲ್ಲಿ ಬಚ್ಚಲ ನೀರು ಹರಿದು ಬಾಳೆ ಬೆಳೆಯುತ್ತಿತ್ತು, ತಿಪ್ಪೆಯಲ್ಲಿ ಹುಳುವಿತ್ತು, ಒಣಗಿದ ನುಗ್ಗೆ ಕೊಂಬೆಯನ್ನು ಯಾರೂ ಕಡಿಯದೆ ಬಿಟ್ಟಿದ್ದರಿಂದ ಕಂಚುಗಾರ ಹಕ್ಕಿಗೆ ಪೊಟರೆ ಕೊರೆಯಲು ಜಾಗವಿತ್ತು. ಗುಬ್ಬಿಯ ಸಂಸಾರ ನಡೆಸಿದ್ದು ಹಿತ್ತಿಲು. ಸೂರಿನ ತೆನೆ ಅದರ ಮೇಲಿನ ತುಪ್ಪ. ನಾವು ಹಿತ್ತಿಲಿಗೆ ಟೈಲ್ಸ್ ಹಾಕಿಸಿ ತುಪ್ಪದ ಡಬ್ಬಿ ಹಿಡಿದು ನಿಂತಿದ್ದೇವೆ.

ಕೊಕ್ಕರೆ ಬೆಳ್ಳೂರಿಗೆ ಒಮ್ಮೆ ಹೋಗಿಬನ್ನಿ. ಮದ್ದೂರು ತಾಲ್ಲೂಕು, ಶಿಂಷಾ ನದಿಯ ಹತ್ತಿರ. ಬಣ್ಣದ ಕೊಕ್ಕರೆ, ಹೆಜ್ಜಾರ್ಲೆಗಳು ಊರೊಳಗಿನ ಹುಣಸೆ ಮರಗಳಲ್ಲಿ, ಮನೆಗಳ ನೆತ್ತಿಯ ಮೇಲೇ ಗೂಡು ಕಟ್ಟುತ್ತವೆ. ಅಲ್ಲಿನ ಯಾರೂ ಬೆಳಿಗ್ಗೆ ಎದ್ದು ಮೀನು ಎರಚುವುದಿಲ್ಲ, ಹಕ್ಕಿಗಳೇ ಹೊಳೆ, ಕೆರೆಗಳಿಗೆ ಹೋಗಿ ದುಡಿದು ತಿನ್ನುತ್ತವೆ. ಊರಿನವರು ಕೊಟ್ಟಿರುವುದು ಎರಡೇ: ಮರ ಮತ್ತು ತಾಳ್ಮೆ. ಹಿಕ್ಕೆಯ ನಾತ ಸಹಿಸುತ್ತಾರೆ, ಹಿಕ್ಕೆಯನ್ನು ಗೊಬ್ಬರ ಮಾಡಿಕೊಳ್ಳುತ್ತಾರೆ. ಗೂಡಿರುವ ಮರದ ಹುಣಸೆ ಫಸಲು ಬಿಟ್ಟುಕೊಡುವುದಕ್ಕೆ ಅರಣ್ಯ ಇಲಾಖೆ ಪರಿಹಾರ ಕೊಡುತ್ತದೆ. ಗೂಡಿನಿಂದ ಬಿದ್ದ ಮರಿಗಳನ್ನು ಎತ್ತಿ ಆರೈಕೆ ಮಾಡಲು ಊರ ಹುಡುಗರ ‘ಹೆಜ್ಜಾರ್ಲೆ ಬಳಗ’ವಿದೆ. 2007ರಲ್ಲಿ ಅದು ಸಮುದಾಯ ಮೀಸಲು ಪ್ರದೇಶವೆಂದು ಘೋಷಣೆಯಾಯಿತು. ಕಾರಿನ ಬಾನೆಟ್ಟಿನ ಮೇಲೆ ಗಸಗಸೆ ಹಣ್ಣಿನ ಕಲೆ ತಡೆಯಲಾರದ ನಾವು, ತಲೆಯ ಮೇಲೆ ಹೆಜ್ಜಾರ್ಲೆ ಸಾಕಿಕೊಂಡವರಿಗೆ ಪಕ್ಷಿಪ್ರೇಮದ ಪಾಠ ಹೇಳುವುದು ಬೇಡ.

ಬರೀ ದೂರು ಬರೆದು ಮುಗಿಸಿದರೆ ತಾವು ನನ್ನನ್ನು ನಕಾರಾತ್ಮಕ ವ್ಯಕ್ತಿ ಎನ್ನುತ್ತೀರಿ. ಆದ್ದರಿಂದ ಮುಂದಿನ ಸಭೆಯ ಕಾರ್ಯಸೂಚಿಗೆ ಕೆಲವು ಮನವಿಗಳು. ತಾರಸಿಯಲ್ಲಿ, ಬಾಲ್ಕನಿಗಳಲ್ಲಿ ಅಗಲ ಬಾಯಿಯ ಮಣ್ಣಿನ ತಟ್ಟೆಗಳಲ್ಲಿ ನೀರಿಡೋಣ. ಎರಡು ಬೆರಳು ಆಳ ಸಾಕು, ನಡುವೆ ನಿಲ್ಲಲು ಒಂದು ಕಲ್ಲು. ನೀರನ್ನು ದಿನವೂ ಚೆಲ್ಲಿ, ತಟ್ಟೆ ಉಜ್ಜಿ ತೊಳೆಯಬೇಕು, ಇಲ್ಲದಿದ್ದರೆ ಹಕ್ಕಿಗೆ ರೋಗ, ನಮಗೆ ಡೆಂಗಿ ಸೊಳ್ಳೆ. ಕೊಳಕು ತಟ್ಟೆಯನ್ನು ಹಗುರವಾಗಿ ತಿಳಿಯಬೇಡಿ. ಮನೆಮನೆಗೂ ಕಾಳಿನ ಬುಟ್ಟಿ ತೂಗುಹಾಕುವ ಬ್ರಿಟನ್ನಿನಲ್ಲಿ 2005ರಿಂದೀಚೆಗೆ ಗ್ರೀನ್‌ಫಿಂಚ್ ಎಂಬ ಹಕ್ಕಿ ಗಂಟಲಿನ ಸೋಂಕಿನಿಂದ ಭಾರಿ ಸಂಖ್ಯೆಯಲ್ಲಿ ಸತ್ತಿದೆ, ಆ ಸೋಂಕು ಹರಡುವ ಜಾಗಗಳಲ್ಲಿ ಊಟದ ಬುಟ್ಟಿಗಳೂ ಸೇರಿವೆ. ಏನಾದರೂ ತಿನ್ನಿಸದೆ ಕೈ ಸುಮ್ಮನಿರದು ಎಂದಾದರೆ ಒಂದು ಹಿಡಿ ನವಣೆ ಅಥವಾ ಸಾಮೆ, ಒಂದು ಹೋಳು ಪಪ್ಪಾಯಿ ಅಥವಾ ಬಾಳೆಹಣ್ಣು, ಅದೂ ಸಂಜೆಯೊಳಗೆ ಖಾಲಿಯಾಗುವಷ್ಟೇ. ಬ್ರೆಡ್ಡು, ಬಿಸ್ಕತ್ತು, ಉಪ್ಪುಖಾರದ ಮಿಕ್ಸ್ಚರು ನಮಗೇ ಒಳ್ಳೆಯದಲ್ಲ, ಹಕ್ಕಿಗೆ ಬೇಡವೇ ಬೇಡ.

ತಾಳೆ ಗಿಡಗಳ ನಡುವೆ ಒಂದು ಅತ್ತಿ, ಒಂದು ನೇರಳೆ, ಬೇಲಿಗೆ ದಾಸವಾಳ, ಲಾಂಟಾನಾ ಬದಲು ಕರಿಬೇವು ಬರಲಿ. ಜಾಗವಿಲ್ಲದವರು ಕುಂಡದಲ್ಲೇ ದಾಸವಾಳ ಬೆಳೆಸಲಿ. ಔಷಧಿಯ ಗುತ್ತಿಗೆ ರದ್ದಾಗಲಿ, ಉಳಿದ ಹಣದಲ್ಲಿ ಬೇಕಿದ್ದರೆ ಇನ್ನೊಮ್ಮೆ ಕೇಸರಿಬಾತು ಮಾಡಿಸಿ. ಯಾರ ತಲೆಯ ಮೇಲೂ ಬೀಳದ ಜಾಗದಲ್ಲಿರುವ ಒಣಕೊಂಬೆಯನ್ನು ಹಾಗೇ ಬಿಡಿ. ಅಂಗಳದ ಒಂದು ಮೂಲೆಯನ್ನು ಗುಡಿಸಬೇಡಿ. ತರಗೆಲೆ ಕೆದಕಿ ತಿನ್ನುವ ಹರಟೆಮಲ್ಲರ ಗುಂಪು ಅಲ್ಲಿಗೆ ಬಂದರೆ, ನಮ್ಮ ಸಭೆಗಿಂತ ಹೆಚ್ಚು ಗದ್ದಲದ, ಆದರೆ ಹೆಚ್ಚು ಒಗ್ಗಟ್ಟಿನ ಸಭೆಯೊಂದನ್ನು ತಾವು ನೋಡಬಹುದು.

ನೋಡುವುದು ಎಂದೆ. ಅದೇ ನನ್ನ ಮುಖ್ಯ ಮನವಿ. ತಮ್ಮ ಇಷ್ಟು ದಿನದ ಪಕ್ಷಿಸೇವೆಯಲ್ಲಿ ಕಾಳು ಹಾಕಿದ ಕೈ ಇದೆ, ಹಕ್ಕಿ ನೋಡಿದ ಕಣ್ಣಿಲ್ಲ. ಪೂರ್ಣಚಂದ್ರ ತೇಜಸ್ವಿಯವರು ಮೂಡಿಗೆರೆಯ ತೋಟದಲ್ಲಿ ಕ್ಯಾಮೆರಾ ಹಿಡಿದು ಕಾದು ಕೂತು ‘ಕನ್ನಡ ನಾಡಿನ ಹಕ್ಕಿಗಳು’ ಪುಸ್ತಕ ಕೊಟ್ಟರು. ತಾವು ಪುಸ್ತಕ ಬರೆಯಬೇಕಿಲ್ಲ, ತಮ್ಮ ಪುಸ್ತಕದ ಕಪಾಟಿನಲ್ಲಿ ಅದಿದ್ದರೆ ಸಾಕು. ಪ್ರತಿ ಫೆಬ್ರವರಿಯಲ್ಲಿ ನಾಲ್ಕು ದಿನ ‘ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್’ ನಡೆಯುತ್ತದೆ, 2013ರಿಂದ ಭಾರತವೂ ಅದರಲ್ಲಿದೆ. ಕಡಿಮೆಯೆಂದರೆ 15 ನಿಮಿಷ ಒಂದು ಕಡೆ ಕೂತು, ಕಂಡ ಹಕ್ಕಿ ಎಷ್ಟು ಎಂದು ಬರೆದುಕೊಂಡು ಇಬರ್ಡ್ ಎಂಬ ಜಾಲತಾಣದಲ್ಲಿ ದಾಖಲಿಸುವುದು. ಫೀಸಿಲ್ಲ, ಪರೀಕ್ಷೆಯಿಲ್ಲ, ಸನ್ಮಾನದ ಶಾಲೂ ಇಲ್ಲ. ದೇಶದ ಹಕ್ಕಿಗಳ ಸ್ಥಿತಿಗತಿ ಹೇಳುವ ವರದಿಗಳು ಇಂಥ ಸಾಮಾನ್ಯ ಜನ ಬರೆದಿಟ್ಟ ಪಟ್ಟಿಗಳಿಂದಲೇ ಆಗಿವೆ. ತಮ್ಮ ಬಾಲ್ಕನಿಯಿಂದ ತಾವು ಪಟ್ಟಿ ಮಾಡಿದರೆ ಮೊದಲ ವರ್ಷ ಅದರಲ್ಲಿ ಪಾರಿವಾಳ ಮಾತ್ರ ಇರಬಹುದು. ಗಿಡ ನೆಟ್ಟ ಮೇಲೆ ಪಟ್ಟಿ ಉದ್ದವಾಗುವುದನ್ನು ತಾವೇ ಕಾಣುವಿರಿ. ಮೂಟೆ ಜೋಳ ಕೊಡದ ತೃಪ್ತಿ ಅದು.

ಕೊನೆಯದಾಗಿ ಒಂದು ಮಾತು. ಹಕ್ಕಿಗಳು ನಮ್ಮ ಮನೆ ಬಾಗಿಲಿಗೆ ಬಂದ ಭಿಕ್ಷುಕರಲ್ಲ, ದುಡಿದು ತಿನ್ನುವ ಜೀವಿಗಳು. ಅವುಗಳಿಗೆ ಬೇಕಿರುವುದು ನಮ್ಮ ದಾನವಲ್ಲ, ನಮ್ಮ ಅಚ್ಚುಕಟ್ಟುತನದಿಂದ ಸ್ವಲ್ಪ ಬಿಡುಗಡೆ. ಪುಣ್ಯವೇ ಬೇಕಿದ್ದರೆ ಆ ಜೋಳದ ಮೂಟೆಯನ್ನು ಹಸಿದವರಿಗೆ ರೊಟ್ಟಿ ತಟ್ಟಿಕೊಡುವ ಯಾವುದಾದರೂ ಛತ್ರಕ್ಕೆ ಕೊಡಿ. ಗೇಟಿನ ಪಕ್ಕದ ಒಂದು ತಾಳೆ ಗಿಡ ಕಿತ್ತು ಅಲ್ಲಿ ಅತ್ತಿ ಸಸಿ ನೆಡುವ ಪ್ರಸ್ತಾವವನ್ನು ನಾನು ಮುಂದಿನ ಸರ್ವಸದಸ್ಯರ ಸಭೆಯಲ್ಲಿ ಮಂಡಿಸುತ್ತೇನೆ. ತಾವು ಅನುಮೋದಿಸಬೇಕೆಂದು ಕಳಕಳಿಯ ಪ್ರಾರ್ಥನೆ.

ಇತಿ ತಮ್ಮ ವಿಶ್ವಾಸಿ,
ನಾಲ್ಕನೇ ಮಹಡಿಯ ನಿವಾಸಿ